ಬಿಚ್ಚುವುದೇ ಮುಕ್ಕಾಲು ಕೆಲಸ

ಈ ಮೇಜಿನ ಮೇಲೆ ಐದು ಫ್ರೇಮುಗಳಿವೆ. ಐದೂ ಗುಜರಿಯವು. ಎಲ್ಲಾ ಸೇರಿ ನಾನು ಕೊಟ್ಟಿದ್ದು 640 ರೂಪಾಯಿ. ಒಂದೊಂದಾಗಿ ಎತ್ತಿ ತೋರಿಸುತ್ತೇನೆ, ಹಿಂದಿನ ಸಾಲಿನವರಿಗೆ ಕಾಣದಿದ್ದರೆ ಕೈಯಿಂದ ಕೈಗೆ ದಾಟಿಸೋಣ. ಆ ಕೊನೆಯದೊಂದನ್ನು ಬಿಟ್ಟು, ಅದು ಭಾರ.

ಇವತ್ತಿನ ಮಾತಿಗೆ ‘ಹಳೇ ಫ್ರೇಮಿನಿಂದ ಮನೆ ಅಲಂಕಾರ’ ಅಂತ ಹೆಸರಿಟ್ಟಿದ್ದಾರೆ. ಅಲಂಕಾರದ ವಿಷಯವೂ ಬರುತ್ತದೆ. ಆದರೆ ಹದಿನೈದು ವರ್ಷದಿಂದ ಈ ಹುಚ್ಚು ಹಿಡಿಸಿಕೊಂಡ ನನಗೆ ಗೊತ್ತಾಗಿರುವುದು ಇಷ್ಟು: ಬಣ್ಣ ಬಳಿಯುವುದು, ಕನ್ನಡಿ ಕೂರಿಸುವುದು, ಗೋಡೆಗೆ ತೂಗು ಹಾಕುವುದು ಎಲ್ಲಾ ಸೇರಿದರೂ ಕಾಲು ಕೆಲಸ. ಉಳಿದ ಮುಕ್ಕಾಲು ಬಿಚ್ಚುವುದು. ಬಿಚ್ಚುವಾಗ ಅವಸರ ಮಾಡಿದರೆ ಏನೋ ಒಂದು ಹಾಳಾಗುತ್ತದೆ. ನಾನು ಹಾಳು ಮಾಡಿದ್ದೇನೆ. ಅದನ್ನೂ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಫ್ರೇಮ್ ಅನ್ನುವ ಮಾತೇ ಇರಲಿಲ್ಲ. ‘ಪಟಕ್ಕೆ ಕಟ್ಟು ಹಾಕಿಸಬೇಕು’ ಅನ್ನುತ್ತಿದ್ದರು. ಎಂಥ ಸರಿಯಾದ ಮಾತು ನೋಡಿ. ಗಾಜು, ಚಿತ್ರ, ರಟ್ಟು, ಮರದ ಪಟ್ಟಿ, ಮೊಳೆ, ಇಷ್ಟನ್ನೂ ಒಟ್ಟಿಗೆ ಹಿಡಿದು ಕಟ್ಟಿದ್ದು. ಅಜ್ಜಿಯ ಮನೆ ಪಡಸಾಲೆಯಲ್ಲಿ ಈ ಪಟಗಳು ಬಾಗಿಲಿಗಿಂತ ಮೇಲೆ, ತೊಲೆಗೆ ಹತ್ತಿರ ಸಾಲಾಗಿ ಇರುತ್ತಿದ್ದವು. ಕೆಳಗಡೆ ಗೋಡೆಗೆ ತಾಗಿ, ಮೇಲ್ಗಡೆ ಮುಂದಕ್ಕೆ ಬಾಗಿ. ನೆಲದ ಮೇಲೆ ಚಾಪೆ ಹಾಕಿ ಕೂತವರಿಗೆ ಮುಖ ಕಾಣಬೇಕಲ್ಲ! ಆ ಸಂದಿಯಲ್ಲಿ ಗುಬ್ಬಚ್ಚಿ ಗೂಡು ಕಟ್ಟುತ್ತಿತ್ತು. ತಾತನ ಫೋಟೊ ಹಿಂದಿನಿಂದ ಹುಲ್ಲು ಉದುರಿದರೆ ಯಾರೂ ಬೈಯುತ್ತಿರಲಿಲ್ಲ. ಮರಿ ಹಾರಿ ಹೋಗುವವರೆಗೆ ಆ ಪಟದ ಧೂಳು ಹೊಡೆಯುವಂತಿಲ್ಲ, ಅಷ್ಟೇ.

ಹಳೇ ಫ್ರೇಮು ಎಲ್ಲಿ ಸಿಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಬೆಂಗಳೂರಿನಲ್ಲಿ ಭಾನುವಾರ ಚಿಕ್ಕಪೇಟೆಯ ಸುತ್ತಮುತ್ತ ಸೇರುವ ಸಂಡೇ ಬಜಾರಿನಲ್ಲಿ ಸಿಗುತ್ತವೆ. ಬೇಗ ಹೋಗಬೇಕು. ತಮಿಳುನಾಡಿನ ಕಾರೈಕುಡಿಯಲ್ಲಿ ಚೆಟ್ಟಿಯಾರರ ದೊಡ್ಡ ಮನೆಗಳಿಂದ ಹೊರಬಿದ್ದ ಸಾಮಾನು ಮಾರುವ ಬೀದಿಯೇ ಇದೆ. ಅಲ್ಲಿ ಬರ್ಮಾ ತೇಗದ ಫ್ರೇಮು ನೋಡಿದರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ನಾನು ಜಾಸ್ತಿ ತಂದಿರುವುದು ಮಾತ್ರ ನಮ್ಮ ಬೀದಿಯ ಗುಜರಿಯಿಂದ. ಮನೆ ಕೆಡವಿದಾಗ, ಮನೆ ಬದಲಾಯಿಸಿದಾಗ ಅಲ್ಲಿಗೆ ಬರುತ್ತವೆ. ಪೇಪರು, ಕಬ್ಬಿಣಕ್ಕೆ ಇರುವ ರೇಟು ಮರದ ಪಟ್ಟಿಗೆ ಇಲ್ಲ. ಹಾಗಾಗಿ ಅಂಗಡಿಯವರು ಗಾಜು ಒಡೆದು ಮರವನ್ನು ಸೌದೆಗೆ ಎಸೆಯುತ್ತಾರೆ. ‘ಒಡೆಯಬೇಡಿ, ನಾನು ತಗೋತೀನಿ’ ಅಂತ ಒಂದು ಮಾತು ಹೇಳಿಟ್ಟಿದ್ದೇನೆ. ಈಗ ಅವರೇ ಫೋನ್ ಮಾಡುತ್ತಾರೆ.

ಇನ್ನೊಂದು ಕಡೆಯೂ ಹಳೇ ಪಟಗಳು ರಾಶಿ ಬಿದ್ದಿರುತ್ತವೆ. ಅರಳಿಕಟ್ಟೆ. ಗಾಜು ಒಡೆದ ದೇವರ ಪಟವನ್ನು ಮನೆಯಲ್ಲಿ ಇಟ್ಟುಕೊಳ್ಳಲು ಮನಸ್ಸಿಲ್ಲ, ಕಸಕ್ಕೆ ಹಾಕಲು ಧೈರ್ಯ ಇಲ್ಲ, ತಂದು ಮರದ ಬುಡದಲ್ಲಿ ಒರಗಿಸಿ ಕೈ ಮುಗಿದು ಹೋಗುತ್ತಾರೆ. ಅಲ್ಲಿಂದ ನಾನು ಎತ್ತುವುದಿಲ್ಲ. ಮುಟ್ಟಬಾರದು ಅಂತ ಅಲ್ಲ. ಕೈ ಮುಗಿದು ಬಿಟ್ಟುಹೋದದ್ದನ್ನು ಎತ್ತಿಕೊಂಡು ಬಂದು ಕಿವಿಯೋಲೆ ತೂಗುಹಾಕುವ ಸ್ಟ್ಯಾಂಡ್ ಮಾಡಿಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಈಗ ಮೊದಲನೇ ಫ್ರೇಮು. ಚಿನ್ನದ ಬಣ್ಣ, ಬಳ್ಳಿ ಬಳ್ಳಿ ಕೆತ್ತನೆ, ನೋಡಲು ಅರಮನೆಯದು. ಎತ್ತಿ ನೋಡಿ. ಹಗುರ ಅಲ್ವಾ? ಇದು ಮರವೇ ಅಲ್ಲ. ಥರ್ಮೋಕೋಲ್ ಜಾತಿಯ ಪ್ಲಾಸ್ಟಿಕ್, ಮೇಲೆ ಬಣ್ಣದ ಪದರ. ಈಗ ಅಂಗಡಿಗಳಲ್ಲಿ ಸಿಂಥೆಟಿಕ್ ಅಂತ ಮಾರುವುದು ಇದನ್ನೇ. ತಿರುಗಿಸಿ ಹಿಂಭಾಗದ ಮೂಲೆ ನೋಡಿದರೆ ಒಳಗಿನ ಬಿಳಿ ಕಾಣುತ್ತದೆ. ಇದಕ್ಕೆ ಸ್ಯಾಂಡ್ ಪೇಪರ್ ಹಾಕಿದರೆ ಬಳ್ಳಿಯೆಲ್ಲ ಎದ್ದು ಬರುತ್ತದೆ. ಥಿನ್ನರ್ ಅಂತೂ ಬೇಡವೇ ಬೇಡ. ಈ ಮೂಲೆ ಕರಗಿ ಬೆಲ್ಲದ ಪಾಕದ ಹಾಗೆ ಆಗಿದೆ ನೋಡಿ, ಅದು ನನ್ನ ಕೈಚಳಕ. ಕಲೆ ತೆಗೆಯೋಣ ಅಂತ ಥಿನ್ನರಿನ ಹತ್ತಿ ಒತ್ತಿದೆ. ಎರಡು ನಿಮಿಷದಲ್ಲಿ ಹತ್ತಿ ಫ್ರೇಮಿಗೆ ಅಂಟಿ ಕೂತಿತು. ಇಂಥದ್ದು ಸಿಕ್ಕರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ನೀರಿನಲ್ಲಿ ಕಲಸುವ ಬಣ್ಣ ಬಳಿಯಿರಿ, ಮುಗಿಯಿತು. ಹೆಚ್ಚು ಸಮಯ ಕೊಡುವ ವಸ್ತು ಅಲ್ಲ ಅದು.

ಮರದ ಫ್ರೇಮು ಸಿಕ್ಕಿದರೆ ಅಂಗಡಿಯಲ್ಲೇ ತಿರುಗಿಸಿ ಹಿಂಭಾಗ ನೋಡಿ. ಮುಂದೆ ಏನಿದೆ ಅನ್ನುವುದು ಆಮೇಲೆ. ಸಣ್ಣ ಸಣ್ಣ ದುಂಡನೆಯ ತೂತು ಇದ್ದರೆ ಕುಟ್ಟೆ ಹುಳ ಇತ್ತು ಅಂತ ಅರ್ಥ. ಈಗಲೂ ಇದೆಯಾ? ಅದನ್ನು ತಿಳಿಯಲು ಸುಲಭ ದಾರಿ ಇದೆ. ಕಪ್ಪು ಕಾಗದದ ಮೇಲೆ ಒಂದೆರಡು ವಾರ ಅಲುಗಾಡಿಸದೆ ಇಡಿ. ಹೊಸದಾಗಿ ಹಿಟ್ಟಿನಂಥ ಪುಡಿ ಉದುರಿದ್ದರೆ ಹುಳ ಜೀವಂತ ಇದೆ. ಬಿಸಿಲಿಗಿಟ್ಟೆ, ಸೀಮೆಎಣ್ಣೆ ಹಚ್ಚಿದೆ ಅಂತ ಏನೇನೋ ಹೇಳುತ್ತಾರೆ. ನಾನು ಅಂಥ ಫ್ರೇಮನ್ನು ಒಳಗೆ ತರುವುದೇ ಇಲ್ಲ. ಎಂಬತ್ತು ರೂಪಾಯಿಯ ಫ್ರೇಮಿಗಾಗಿ ಮನೆಯ ಮಂಚ ತಿನ್ನಿಸುವುದು ಯಾವ ಬುದ್ಧಿವಂತಿಕೆ?

ಬಣ್ಣ ಬಳಿದ ಹಳೇ ಫ್ರೇಮಾದರೆ ಇನ್ನೊಂದು ಎಚ್ಚರ. ನಮ್ಮ ದೇಶದಲ್ಲಿ ಮನೆ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗದಲ್ಲಿ 90 ಭಾಗ ಮೀರಬಾರದು ಅನ್ನುವ ನಿಯಮ ಬಂದಿದ್ದು 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರಿನಿಂದ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಎಷ್ಟಿದೆಯೋ ಯಾರಿಗೆ ಗೊತ್ತು. ಒಣಗಿದ್ದನ್ನು ಉಜ್ಜಿ ಧೂಳು ಎಬ್ಬಿಸಬೇಡಿ. ನೀರು ಚಿಮುಕಿಸಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ, ಮೊಮ್ಮಕ್ಕಳು ಸ್ಕೂಲಿಗೆ ಹೋದ ಮೇಲೆ ಕೂರಿ. ಪಾಲಿಶ್ ಮಾತ್ರ ಇರುವ ಮರವಾದರೆ ಮೂಲೆಯಲ್ಲಿ ಸ್ಪಿರಿಟ್ ಹತ್ತಿ ಮುಟ್ಟಿಸಿ ನೋಡಿ. ಜಿಗುಟಾದರೆ ಅದು ಅರಗಿನ ಪಾಲಿಶ್. ಅದನ್ನು ಕಿತ್ತು ಹಾಕುವ ಅಗತ್ಯ ಇಲ್ಲ. ಅದರ ಮೇಲೇ ಒಂದು ತೆಳು ಕೈ ಅರಗಿನ ಪಾಲಿಶ್ ಓಡಿಸಿದರೆ ಹಳೆಯದು ಹೊಸದು ಎರಡೂ ಬೆರೆತು ಒಂದಾಗುತ್ತವೆ. ತೇಗಕ್ಕೆ, ಬೀಟೆಗೆ ಬಿಳಿ ಬಣ್ಣ ಬಳಿದು ಆಮೇಲೆ ಅಲ್ಲಲ್ಲಿ ಉಜ್ಜಿ ‘ಹಳೇ ಕಾಲದ್ದು’ ಅಂತ ತೋರಿಸುವ ಫ್ಯಾಷನ್ ಒಂದಿದೆ. ನಿಜವಾಗಲೂ ಹಳೆಯದನ್ನು ಕೆಡಿಸಿ ಹಳೆಯದರ ವೇಷ ಹಾಕುವುದು! ಕೋಪ ಬರುತ್ತೆ ನನಗೆ. ಹೋಗಲಿ.

ಬಿಚ್ಚುವ ಕೆಲಸಕ್ಕೆ ಬರೋಣ. ಹಳೇ ಬೆಡ್‌ಶೀಟು ನಾಲ್ಕು ಮಡಿಕೆ ಹಾಸಿ ಫ್ರೇಮನ್ನು ಬೋರಲು ಮಲಗಿಸಿ. ಹಿಂದೆ ಅಂಟಿಸಿದ ಕಾಗದವನ್ನು ಬ್ಲೇಡಿನಲ್ಲಿ ಅಂಚಿಗೆ ಕೊಯ್ಯಿರಿ, ಹರಿಯಬೇಡಿ. ಮೊಳೆಗಳನ್ನು ಇಕ್ಕಳದಲ್ಲಿ ಹಿಡಿದು ಅವು ಹೊಕ್ಕ ದಾರಿಯಲ್ಲೇ ನೇರ ಹೊರಕ್ಕೆ ಎಳೆಯಿರಿ. ಮೇಲಕ್ಕೆ ಮೀಟಿದರೆ ಗಾಜು ಚಟ್ ಅನ್ನುತ್ತದೆ. ಒಂದೊಂದು ಪದರ ತೆಗೆದಾಗಲೂ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ರಟ್ಟಿನ ಹಿಂದೆ ಸಾಮಾನ್ಯವಾಗಿ ಹಳೇ ನ್ಯೂಸ್‌ಪೇಪರ್ ಇರುತ್ತದೆ. ಎಸೆಯುವ ಮೊದಲು ತಾರೀಕು ನೋಡಿ. ಕಟ್ಟು ಹಾಕಿಸಿದ ಕಾಲ ಹೆಚ್ಚುಕಡಿಮೆ ಅದೇ. ನನಗೆ ಒಂದರಲ್ಲಿ ಅರವತ್ತರ ದಶಕದ ‘ಪ್ರಜಾವಾಣಿ’ ಹಾಳೆ ಸಿಕ್ಕಿತ್ತು. ಬಿಚ್ಚುವ ಕೆಲಸ ಅಲ್ಲೇ ನಿಂತಿತು. ಎರಡು ಗಂಟೆ ನೆಲದ ಮೇಲೆ ಕೂತು ಚಿನ್ನದ ರೇಟು, ಸಿನಿಮಾ ಜಾಹೀರಾತು ಓದಿದೆ. ಆ ಹಾಳೆ ಈಗಲೂ ಅದೇ ಫ್ರೇಮಿನ ಹಿಂದೆ ಇದೆ, ಆದರೆ ಚಿತ್ರಕ್ಕೆ ತಾಗದ ಹಾಗೆ. ನ್ಯೂಸ್‌ಪೇಪರು, ಹಳದಿ ರಟ್ಟು ಎರಡರಲ್ಲೂ ಆಮ್ಲ ಇರುತ್ತದೆ, ವರ್ಷಗಳಲ್ಲಿ ಚಿತ್ರವನ್ನು ಕಂದು ಮಾಡುತ್ತದೆ. ಹಳೇ ಫೋಟೊಗಳ ಮೇಲೆ ಚಹಾ ಚೆಲ್ಲಿದ ಹಾಗೆ ಕಲೆ ಇರುತ್ತದಲ್ಲ, ಎಷ್ಟೋ ಸಲ ಅದು ಹಿಂದಿನ ರಟ್ಟಿನದೇ ಕೆಲಸ. ಹೊಸದಾಗಿ ಹಾಕುವಾಗ ಆಮ್ಲ ಇಲ್ಲದ ಮೌಂಟ್ ಬೋರ್ಡ್ ಕೊಡಿ ಅಂತ ಕೇಳಿ ತನ್ನಿ.

ಈಗ ನನ್ನ ತಪ್ಪು. ಒಂದು ಫ್ರೇಮಿನಲ್ಲಿ ಬೆಣ್ಣೆ ಕೃಷ್ಣ ಇದ್ದ. ಗಾಜು ಮಸಿ ಹಿಡಿದಿತ್ತು. ರಟ್ಟು ತೆಗೆದೆ, ಒಳಗೆ ಕಾಗದವೇ ಇಲ್ಲ. ಗಾಜಿನ ಹಿಂಭಾಗದಲ್ಲಿ ಬಣ್ಣ ಬಣ್ಣದ ಪದರ. ಕಾಗದ ಗಾಜಿಗೆ ಅಂಟಿಕೊಂಡುಬಿಟ್ಟಿದೆ, ನೆನೆಸಿದರೆ ಬಿಡುತ್ತದೆ ಅಂದುಕೊಂಡು ಒದ್ದೆ ಬಟ್ಟೆ ಹಾಸಿದೆ. ಹತ್ತು ನಿಮಿಷ ಬಿಟ್ಟು ಬಟ್ಟೆ ಎತ್ತಿದರೆ ಬಟ್ಟೆಯೆಲ್ಲ ನೀಲಿ. ಕೃಷ್ಣನ ಅರ್ಧ ಮೈ ಬಟ್ಟೆಗೆ ಬಂದಿತ್ತು. ಅದು ಅಚ್ಚು ಹಾಕಿದ ಚಿತ್ರ ಅಲ್ಲ, ಗಾಜಿನ ಮೇಲೇ ಹಿಂದಿನಿಂದ ಬರೆದ ಚಿತ್ರ.

ಈ ಕಲೆ ಹದಿನೆಂಟನೇ ಶತಮಾನದಲ್ಲಿ ಚೀನಾದ ವ್ಯಾಪಾರದ ಜೊತೆ ನಮ್ಮ ಕಡೆ ಬಂತು. ತಂಜಾವೂರಿನಲ್ಲೂ ಮೈಸೂರಿನಲ್ಲೂ ಬೆಳೆಯಿತು. ಎಲ್ಲಾ ತಲೆಕೆಳಗು ಲೆಕ್ಕ. ಕಾಗದದ ಮೇಲೆ ಬರೆಯುವವರು ಹಿನ್ನೆಲೆ ಮೊದಲು ಬಳಿದು ಕಣ್ಣು ಕೊನೆಗೆ ಬಿಡಿಸುತ್ತಾರೆ. ಗಾಜಿನವರು ಕಣ್ಣು, ಒಡವೆ, ಮುತ್ತು ಮೊದಲು ಬಿಡಿಸಿ, ಅದರ ಮೇಲೆ ಮೈಬಣ್ಣ, ಎಲ್ಲಕ್ಕಿಂತ ಕೊನೆಗೆ ಹಿನ್ನೆಲೆ. ನಾನು ಒದ್ದೆ ಬಟ್ಟೆಯಲ್ಲಿ ಹಿನ್ನೆಲೆ, ಮೈ ಎರಡನ್ನೂ ತೆಗೆದಿದ್ದೆ. ಕಣ್ಣು ಮತ್ತು ಸರ ಉಳಿದಿದ್ದವು. ಎರಡು ದಿನ ಆ ಕಣ್ಣು ನನ್ನನ್ನೇ ನೋಡುತ್ತಿತ್ತು. ಆಗಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಗಾಜಿನ ಹೊರಮೈ ಎಷ್ಟು ಬೇಕಾದರೂ ಒರೆಸು, ಒಳಮೈ ಮುಟ್ಟುವ ಮೊದಲು ಒಂದು ರಾತ್ರಿ ನಿದ್ದೆ ಮಾಡು.

ಫೋಟೊ ಗಾಜಿಗೆ ಅಂಟಿಕೊಂಡಿದ್ದರೂ ಅಷ್ಟೇ. ಮಳೆಗಾಲದ ತೇವಕ್ಕೆ ಹಳೇ ಬ್ಲಾಕ್ ಅಂಡ್ ವೈಟ್ ಫೋಟೊದ ಮೇಲ್ಪದರ ಗಾಜಿಗೆ ಹತ್ತಿಬಿಡುತ್ತದೆ. ಕರಾವಳಿ, ಮಲೆನಾಡಿನವರಿಗೆ ಇದು ಗೊತ್ತೇ ಇರುತ್ತದೆ. ಎಳೆಯಬೇಡಿ. ಮುಖ ಗಾಜಿಗೆ ಬರುತ್ತದೆ, ಕಾಗದ ಕೈಗೆ ಬರುತ್ತದೆ. ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿಕೊಂಡು, ಅದನ್ನು ಹಾಗೇ ಒಂದು ಕಡೆ ಎತ್ತಿಡಿ. ಫ್ರೇಮಿಗೆ ಬೇರೆ ಗಾಜು ಹಾಕಿ.

ಎರಡನೇ ಫ್ರೇಮು ಎತ್ತುತ್ತೇನೆ. ರವಿವರ್ಮನ ಲಕ್ಷ್ಮಿ. ಇದನ್ನು ನೋಡಿ ಮುಂದಿನ ಸಾಲಿನಲ್ಲಿ ಯಾರೋ ‘ಅಯ್ಯೋ ನಮ್ಮನೇಲೂ ಇತ್ತು’ ಅಂದರು. ಇದ್ದೇ ಇರುತ್ತದೆ. ಚಿತ್ರಕಾರ ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಕಲ್ಲಚ್ಚಿನ ಪ್ರೆಸ್, ಅಂದರೆ ಕಲ್ಲಿನ ಮೇಲೆ ಬರೆದ ಚಿತ್ರವನ್ನು ಕಾಗದಕ್ಕೆ ಅಚ್ಚೊತ್ತುವ ಪ್ರೆಸ್ ಶುರು ಮಾಡಿದ. ಆಮೇಲೆ ಅದು ಲೋನಾವಳದ ಹತ್ತಿರದ ಮಳವಳಿಗೆ ಹೋಯಿತು. ನಮ್ಮ ಮಂಡ್ಯದ ಮಳವಳ್ಳಿ ಅಲ್ಲ, ಅದು ಬೇರೆ! ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವನು ಕೈಯಲ್ಲಿ ಬರೆದ ಚಿತ್ರಗಳಿವೆ. ಮನೆ ಮನೆಗೆ ಬಂದದ್ದು ಪ್ರೆಸ್ಸಿನ ಲಕ್ಷ್ಮಿ, ಸರಸ್ವತಿ. ಆಮೇಲೆ ಕ್ಯಾಲೆಂಡರ್ ಕಾಲ ಬಂತು. ಕಲಬುರಗಿಯ ಎಸ್.ಎಂ. ಪಂಡಿತರಂಥ ಕಲಾವಿದರ ಚಿತ್ರಗಳು ಕ್ಯಾಲೆಂಡರಿನಲ್ಲಿ ಬಂದವು. ಡಿಸೆಂಬರ್ ಮುಗಿದ ಮೇಲೆ ತಾರೀಕಿನ ಭಾಗ ಕತ್ತರಿಸಿ ಚಿತ್ರಕ್ಕೆ ಕಟ್ಟು ಹಾಕಿಸುತ್ತಿದ್ದೆವು.

ಈ ಲಕ್ಷ್ಮಿಯ ಸೀರೆ ಗಮನಿಸಿ. ಅಚ್ಚಿನ ಮೇಲೆ ಯಾರೋ ಜರಿ, ಮಿಣುಕು ಬಿಲ್ಲೆ, ಮಣಿ ಹೊಲಿದು ನಿಜವಾದ ಸೀರೆಯನ್ನೇ ಉಡಿಸಿದ್ದಾರೆ. ಮದುವೆಗೆ ಮುಂಚೆ ಹೆಣ್ಣುಮಕ್ಕಳು ಮಣಿಯಲ್ಲಿ ಗಿಳಿ, ಕಳಶ, ‘ಸುಸ್ವಾಗತ’ ಮಾಡಿ ಬಾಗಿಲ ಮೇಲೆ ಹಾಕುತ್ತಿದ್ದರಲ್ಲ, ಅದೇ ಕೈಗಳು. ಹಳೆಯದಕ್ಕೆ ಹೊಸ ರೂಪ ಕೊಡುವುದನ್ನು ಇವತ್ತು ನಾನು ಹೇಳಿಕೊಡಬೇಕಾಗಿಲ್ಲ. ಇದಕ್ಕೆ ನಾನು ಮಾಡಿದ್ದು ಇಷ್ಟೇ: ಹಿಂದಿನ ರಟ್ಟು ಬದಲಾಯಿಸಿದೆ, ಮೆತ್ತನೆಯ ಬ್ರಷ್ಷಿನಲ್ಲಿ ಧೂಳು ತೆಗೆದೆ, ಹೊಸ ಕೊಕ್ಕೆ ಹಾಕಿದೆ.

ನಿಮ್ಮ ಮನೆಯಲ್ಲಿರುವುದು ಹಳೇ ಕಲ್ಲಚ್ಚೋ ಇತ್ತೀಚಿನ ಮರುಮುದ್ರಣವೋ ತಿಳಿಯಬೇಕಾದರೆ ಭೂತಗನ್ನಡಿ ಹಿಡಿದು ಕೆನ್ನೆಯ ಭಾಗ ನೋಡಿ. ಅಳತೆ ಹಿಡಿದು ಜೋಡಿಸಿದ ಹಾಗೆ ಸಾಲು ಸಾಲು ಚುಕ್ಕಿ ಇದ್ದರೆ ಇತ್ತೀಚಿನ ಆಫ್‌ಸೆಟ್ ಮುದ್ರಣ. ರವೆ ಚೆಲ್ಲಿದ ಹಾಗೆ ಅಡ್ಡಾದಿಡ್ಡಿ ಇದ್ದರೆ ಕಲ್ಲಚ್ಚು. ಅದಾದರೆ ಚಿತ್ರ ತೆಗೆದು ಫ್ರೇಮು ಬಳಸುವ ಯೋಚನೆ ಬಿಡಿ.

ಮೂರನೆಯದು ನನಗೆ ಅಚ್ಚುಮೆಚ್ಚು. ಇದಕ್ಕೆ ಹಿಂಭಾಗ ಇಲ್ಲ. ಎರಡೂ ಕಡೆ ಗಾಜು, ಮಧ್ಯೆ ಕಪ್ಪು ಸೀರೆಯ ಒಂದು ಅಂಗೈಯಗಲದ ತುಂಡು. ಧಾರವಾಡದಲ್ಲಿದ್ದ ನನ್ನ ಸೋದರತ್ತೆಯ ಚಂದ್ರಕಾಳಿ ಸೀರೆ ಅದು. ಒಡಲೆಲ್ಲ ಪಿಸಿದು ಹೋಗಿತ್ತು, ಕಸೂತಿ ಇದ್ದ ಜಾಗ ಮಾತ್ರ ಗಟ್ಟಿ. ಕಸೂತಿಗೆ ಪೆನ್ಸಿಲ್ ಗೆರೆ ಎಳೆಯುವುದಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಹಾಕುವುದು. ಗಂಟೂ ಹಾಕುವುದಿಲ್ಲ. ಗವಂತಿ, ಮುರಗಿ, ನೇಗಿ, ಮೆಂಥಿ ಅಂತ ನಾಲ್ಕು ಬಗೆ ಹೊಲಿಗೆ. ಅದರಲ್ಲಿ ಗವಂತಿ, ಮುರಗಿ ಎರಡೂ ಹಿಂದೆ ಮುಂದೆ ಒಂದೇ ರೀತಿ ಕಾಣುತ್ತವೆ. ಈ ಗೋಪುರದ ಚಿತ್ತಾರ ಪೂರ್ತಿ ಗವಂತಿಯಲ್ಲಿದೆ. ತಿರುಗಿಸುತ್ತೇನೆ, ಯಾವುದು ಮುಂಭಾಗ ಹೇಳಿ? ಹೇಳಲಿಕ್ಕಾಗುವುದಿಲ್ಲ. ರಟ್ಟಿಗೆ ಅಂಟಿಸಿಬಿಟ್ಟಿದ್ದರೆ ಅತ್ತೆಯ ಅರ್ಧ ಕೆಲಸವನ್ನು ಗೋಡೆಗೆ ತೋರಿಸಿದ ಹಾಗಾಗುತ್ತಿತ್ತು. ಹಾಗಾಗಿ ಇದನ್ನು ಕಿಟಕಿಯಲ್ಲಿ ತೂಗುಹಾಕಿದ್ದೇನೆ. ನೇರ ಬಿಸಿಲು ಬೀಳದ, ಉತ್ತರದ ಕಿಟಕಿ. ಬಿಸಿಲಿಗೆ ಬಣ್ಣ ಹೋಗುತ್ತದೆ.

ಬಟ್ಟೆಗೆ ಫೆವಿಕಾಲ್ ಬೇಡ. ಒರಟಾಗುತ್ತದೆ, ಆಮೇಲೆ ಬಿಡಿಸಲೂ ಬರುವುದಿಲ್ಲ. ತೊಳೆದ ಬಿಳಿ ಹತ್ತಿ ಬಟ್ಟೆಗೆ ಅಂಚಿನಲ್ಲಿ ಸಣ್ಣ ಹೊಲಿಗೆ ಹಾಕಿ ಕೂರಿಸಿ. ನನ್ನದಕ್ಕೆ ಹಿಂದೆ ಬಟ್ಟೆ ಇಲ್ಲದ್ದರಿಂದ ಮಧ್ಯೆ ಖಾಲಿ ಬಿಟ್ಟ ಬಟ್ಟೆಯ ಚೌಕಟ್ಟಿಗೆ ನಾಲ್ಕೂ ಅಂಚು ಹೊಲಿದೆ. ಗಾಜಿಗೆ ಬಟ್ಟೆ ತಾಗಬಾರದು, ತಾಗಿದ ಕಡೆ ಬೂಷ್ಟು ಬರುತ್ತದೆ. ಗಾಜಿಗೂ ಬಟ್ಟೆಗೂ ನಡುವೆ ಮೌಂಟ್ ಬೋರ್ಡಿನ ಸಣ್ಣ ಪಟ್ಟಿ ಇಟ್ಟು ಅಂತರ ಬಿಡಿ. ಇಳಕಲ್ ಸೀರೆಯ ಸೆರಗಿನ ತೋಪು ತೆನೆ ಅನ್ನುವ ಚಿತ್ತಾರ, ಮಗುವಿನ ಕುಲಾವಿ, ಎಲ್ಲಕ್ಕೂ ಇದೇ ಕ್ರಮ. ಆದರೆ ದಯವಿಟ್ಟು ಚೆನ್ನಾಗಿರುವ ಸೀರೆ ಕತ್ತರಿಸಬೇಡಿ.

ನಾಲ್ಕನೆಯದು ಟ್ರೇ. ಹಳೇ ಫ್ರೇಮಿಗೆ ಎರಡು ಹಿಡಿ ಹಾಕಿದರೆ ಟ್ರೇ ಆಗುತ್ತದೆ ಅಂತ ಎಲ್ಲರೂ ವಿಡಿಯೊ ಮಾಡುತ್ತಾರೆ. ಆಗುತ್ತದೆ, ಒಂದು ವಾರ. ಫ್ರೇಮಿನ ಮೂಲೆಗಳನ್ನು 45 ಡಿಗ್ರಿಯಲ್ಲಿ ಕತ್ತರಿಸಿ ಸಣ್ಣ ಮೊಳೆ ಹೊಡೆದಿರುತ್ತಾರೆ. ಗೋಡೆಯ ಮೇಲೆ ಸುಮ್ನೆ ನೇತಾಡಲು ಅಷ್ಟು ಸಾಕು, ಆರು ಲೋಟ ಕಾಫಿ ಹೊರಲು ಸಾಲದು. ತಳಕ್ಕೆ ಪ್ಲೈವುಡ್ ಹಾಕಿ ನಾಲ್ಕೂ ಕಡೆ ಸ್ಕ್ರೂ ಹೊಡೆಯಿರಿ. ಗಾಜಿನ ಸಂದಿಗೆ ನೀರು ಇಳಿಯದ ಹಾಗೆ ಸಿಲಿಕೋನ್ ಅಂಟು ತುಂಬಿ. ನಾನು ತುಂಬಿರಲಿಲ್ಲ. ಅಡಿಯಲ್ಲಿಟ್ಟಿದ್ದ ಚಿತ್ತಾರದ ಕಾಗದಕ್ಕೆ ಬೀಗರ ಮುಂದೆಯೇ ಕಾಫಿ ಇಳಿಯಿತು. ನೋಡಿ, ಕಲೆ ಇಲ್ಲೇ ಇದೆ. ಟ್ರೇಗಿಂತ ಸುಲಭದ್ದು ಬೇಕಾದರೆ ಗಾಜಿನ ಹಿಂದೆ ತಿಳಿ ಬಣ್ಣದ ಖಾದಿ ಬಟ್ಟೆ ಇಟ್ಟು ಅಡುಗೆಮನೆಯಲ್ಲಿ ತೂಗುಹಾಕಿ. ಗಾಜಿನ ಮೇಲೆ ಮಾರ್ಕರಿನಲ್ಲಿ ಹಾಲಿನ ಲೆಕ್ಕ, ದಿನಸಿ ಪಟ್ಟಿ ಬರೆಯಬಹುದು, ಒರೆಸಬಹುದು. ನಮ್ಮ ಮನೆಯಲ್ಲಿ ನಿಜವಾಗಿ ದಿನಾ ಬಳಕೆಯಾಗುವ ಫ್ರೇಮು ಅದೊಂದೇ.

ಇಲ್ಲಿ ಒಬ್ಬರು ಚೀಟಿ ಕಳಿಸಿದ್ದಾರೆ: ‘ತೀರಿಕೊಂಡವರ ಫೋಟೊ ಇದ್ದ ಫ್ರೇಮನ್ನು ಮನೆಗೆ ತರಬಹುದಾ? ನಮ್ಮತ್ತೆ ಬೇಡ ಅಂತಾರೆ.’ ನಿಮ್ಮತ್ತೆ ಬೇಡ ಅಂದರೆ ಬೇಡ. ಅವರ ಮನೆಯೂ ಅಲ್ವಾ ಅದು? ಅವರಿಗೆ ದಿನಾ ನೋಡಿ ಕಸಿವಿಸಿ ಆಗುವ ವಸ್ತು ಅಲಂಕಾರ ಹೇಗಾಗುತ್ತದೆ? ನನಗೆ ಹಾಗೆ ಅನ್ನಿಸುವುದಿಲ್ಲ. ನೂರು ವರ್ಷದ ಯಾವ ಫ್ರೇಮಿನಲ್ಲಿ ತಾನೇ ಬದುಕಿರುವವರ ಫೋಟೊ ಇರಲು ಸಾಧ್ಯ?

ಕೊನೆಯದು ಈ ಭಾರದ್ದು. ತೇಗದ ಫ್ರೇಮು, ಎರಡು ಅಡಿಗೆ ಮೂರು ಅಡಿ, ಈಗ ಕನ್ನಡಿ ಕೂರಿಸಿದ್ದೇನೆ. ಕನ್ನಡಿ ಹಾಕುವವರು ತೂಕದ ಲೆಕ್ಕ ಮಾಡಲೇಬೇಕು. ಒಂದು ಚದರ ಮೀಟರ್ ಗಾಜು, ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕೆಜಿ ತೂಗುತ್ತದೆ. ಪಟಕ್ಕೆ ಹಾಕುತ್ತಿದ್ದದ್ದು 2 ಮಿಲಿಮೀಟರ್ ಗಾಜು. ನಾನು ಹಾಕಿದ್ದು 4 ಮಿಲಿಮೀಟರ್ ಕನ್ನಡಿ. ಕನ್ನಡಿಯೇ ಐದೂವರೆ ಕೆಜಿ ಆಯಿತು. ಹಳೇ ಕೊಕ್ಕೆ, ಹಳೇ ದಾರ ನಂಬಬೇಡಿ. ಮೂಲೆಗಳಿಗೆ ಹಿಂದಿನಿಂದ ಲೋಹದ ಪಟ್ಟಿ ಹೊಡೆಸಿ. ಗೋಡೆಗೆ ಡ್ರಿಲ್ ಮಾಡಿ ಪ್ಲಗ್ ಹಾಕಿ, ಎರಡು ಕಡೆ ಸ್ಕ್ರೂ ಕೂರಿಸಿ. ಎತ್ತರ ನಿಂತವರ ಕಣ್ಣಿಗೆ ಸರಿಯಾಗಿರಲಿ. ಈಗ ಗುಬ್ಬಚ್ಚಿಗೆ ಜಾಗ ಬಿಡಬೇಕಾಗಿಲ್ಲ, ಅವು ಬರುವುದೂ ಇಲ್ಲ.

ಇದರಲ್ಲಿ ಮೊದಲು ವೆಂಕಟರಮಣನ ಪಟ ಇತ್ತು. ಗೆದ್ದಲು ತಿಂದು ಮುಖವೇ ಉಳಿದಿರಲಿಲ್ಲ. ಅದನ್ನು ತೆಗೆದಾಗ ಹಿಂದೆ ಇನ್ನೊಂದು ಫೋಟೊ ಸಿಕ್ಕಿತು. ಮದುವೆಯದು. ಹುಡುಗನ ತಲೆಗೆ ಪೇಟ, ಹುಡುಗಿಗೆ ಹದಿನೈದೂ ತುಂಬಿದ ಹಾಗಿಲ್ಲ, ಇಬ್ಬರೂ ಕ್ಯಾಮೆರಾ ಕಡೆ ಹೆದರಿಕೊಂಡು ನೋಡುತ್ತಿದ್ದಾರೆ. ಹೆಸರಿಲ್ಲ, ಊರಿಲ್ಲ, ಸ್ಟುಡಿಯೊ ಮುದ್ರೆ ಇಲ್ಲ. ಗುಜರಿಯವರನ್ನು ಕೇಳಿದೆ, ಯಾವ ಮನೆಯಿಂದ ಬಂತೋ ಅವರಿಗೂ ನೆನಪಿಲ್ಲ. ದೇವರ ಹಿಂದೆ ಯಾಕೆ ಬಚ್ಚಿಟ್ಟರು? ರಟ್ಟಿಗೆ ಬದಲು ಸುಮ್ನೆ ತುರುಕಿದರಾ? ನನ್ನ ಮಗಳು ಒಂದು ಕತೆ ಕಟ್ಟಿದ್ದಾಳೆ, ನನ್ನ ತಂಗಿ ಇನ್ನೊಂದು.

ಆ ಫೋಟೊವನ್ನು ಲಕೋಟೆಯಲ್ಲಿಟ್ಟು ಈ ಕನ್ನಡಿಯ ಹಿಂದೆಯೇ ವಾಪಸ್ ಸೇರಿಸಿದ್ದೇನೆ. ಜೊತೆಗೆ ಒಂದು ಚೀಟಿ. ನಾನು ಬಿಚ್ಚಿ ಕಟ್ಟಿದ ಎಲ್ಲಾ ಫ್ರೇಮುಗಳಲ್ಲೂ ಇಂಥ ಚೀಟಿ ಇರುತ್ತದೆ: ಎಲ್ಲಿ ತಂದೆ, ಎಷ್ಟಕ್ಕೆ, ಒಳಗೆ ಏನಿತ್ತು, ನಾನು ಏನು ಬದಲಾಯಿಸಿದೆ, ತಾರೀಕು. ಮುಂದೆ ಬಿಚ್ಚುವವರಿಗೆ ಬೇಕಾಗುತ್ತದೆ. ನೀವೂ ಬರೆದಿಡಿ. ಪೆನ್ನಿನಲ್ಲಿ ಬೇಡ, ತೇವಕ್ಕೆ ಇಂಕು ಹರಡುತ್ತದೆ. ಪೆನ್ಸಿಲ್ಲಿನಲ್ಲಿ ಬರೆಯಿರಿ.